ಸೇವೆಗೆ ಬಂದವರನ್ನು ಎಡಗೈಯಿಂದ ತಳ್ಳಬಾರದು

(ಉತ್ಸವದ ಸಂದರ್ಭದಲ್ಲಿ ಜರಗಿದ ಮಹಿಳಾ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವಿದ್ವಾಂಸೆಯಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿ ನಿವೃತ್ತಳಾದ ಒಬ್ಬ ಅಧ್ಯಾಪಿಕೆ. ಸಮಿತಿಯವರು ಮನೆಗೆ ಬಂದು, "ಟೀಚರ್, ಈ ಸಲ ಸ್ತ್ರೀ ಮತ್ತು ಉದ್ಯೋಗ ಎಂಬ ವಿಷಯದಲ್ಲಿ ನೀವು ನಾಲ್ಕು ಮಾತು ಹೇಳಬೇಕು" ಎಂದಾಗ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಚಿಂತೆ ಹತ್ತಿತು. ಹೆಣ್ಣುಮಕ್ಕಳು ಉದ್ಯೋಗಕ್ಕೆ ಹೋಗಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಊರಿನಲ್ಲಿ ಎಂದೋ ಮುಗಿದಿದೆ. ಬೀಡಿ ಕಟ್ಟಿ ಮನೆ ನಡೆಸಿದ ತಾಯಂದಿರು ನಮ್ಮವರು. ಟೀಚರ್, ನರ್ಸ್, ಬ್ಯಾಂಕಿನ ಗುಮಾಸ್ತೆ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಗಂಡಸರದ್ದೇ ಎಂದು ನಾವು ಗೆರೆ ಎಳೆದಿಟ್ಟ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ಇದ್ದ ಕೆಲಸ ಬಿಟ್ಟು ಹೊರಟಳೆಂದರೆ ಮಾತ್ರ ಮನೆಯವರು, ನೆಂಟರು, ನೆರೆಯವರು ಎಲ್ಲರ ಬಾಯಿಯೂ ತೆರೆಯುತ್ತದೆ. ನನ್ನ ಬಾಯಿಯೂ ತೆರೆದಿತ್ತು. ಆ ಕಾರಣಕ್ಕಾಗಿಯೇ ಇಂದು ಈ ಸನ್ನಿಧಿಯಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಈ ಸರೋವರದ ದಡದಲ್ಲಿ ನಿಂತವರಿಗೆಲ್ಲ ವಿಲ್ವಮಂಗಲ ಸ್ವಾಮಿಗಳ ಕಥೆ ಗೊತ್ತೇ ಇದೆ. ಆದರೂ ಒಮ್ಮೆ ನೆನಪಿಸಿಕೊಳ್ಳೋಣ. ಇಲ್ಲಿ ತಪಸ್ಸು ಮಾಡುತ್ತಿದ್ದ ಸ್ವಾಮಿಗಳ ಎದುರಿಗೆ ಒಬ್ಬ ಬಾಲಕ ಬಂದು ನಿಂತ. ತನಗೆ ಯಾರೂ ಇಲ್ಲವೆಂದ. ಸೇವೆ ಮಾಡಿಕೊಂಡು ಇರುತ್ತೇನೆ, ಆದರೆ ಅವಮಾನವಾದ ಕ್ಷಣವೇ ಹೊರಟುಹೋಗುತ್ತೇನೆ ಎಂದು ಮೊದಲೇ ಹೇಳಿಕೊಂಡ. ಹೂ ತಂದ, ನೀರು ತಂದ, ಮಕ್ಕಳಾಟವನ್ನೂ ಆಡಿದ. ಒಂದು ದಿನ ಪೂಜೆಯ ನಡುವೆ ತಂಟೆ ಮಾಡಿದನೆಂದು ಸ್ವಾಮಿಗಳು ಅವನನ್ನು ಎಡಗೈಯಿಂದ ಆಚೆಗೆ ತಳ್ಳಿದರು. ತನ್ನನ್ನು ಕಾಣಬೇಕಿದ್ದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಬಾಲಕ ಗುಹೆಯೊಳಗೆ ಮಾಯವಾದ. ಪೂಜಿಸುತ್ತಿದ್ದ ದೇವರೇ ಪಕ್ಕದಲ್ಲಿ ನಿಂತು ಸೇವೆ ಮಾಡುತ್ತಿದ್ದನೆಂದು ತಿಳಿದಾಗ ಕಾಲ ಮಿಂಚಿತ್ತು. ಸ್ವಾಮಿಗಳು ಆ ಗುಹೆಯ ದಾರಿಯಲ್ಲೇ ಅರಸುತ್ತಾ ಹೋಗಿ ತಿರುವನಂತಪುರದಲ್ಲಿ ಅನಂತಶಯನನ ದರ್ಶನ ಪಡೆದರೆಂದು ನಮ್ಮ ನಂಬಿಕೆ.

ಈ ಕಥೆಯನ್ನು ನಾನು ಬಾಲ್ಯದಿಂದ ಕೇಳಿದವಳು, ತರಗತಿಯಲ್ಲಿ ಮಕ್ಕಳಿಗೆ ಹೇಳಿದವಳು. ಆದರೆ ಇತ್ತೀಚೆಗಷ್ಟೇ ಅದರಲ್ಲಿ ಒಂದು ಅಂಶ ನನ್ನ ಗಮನಕ್ಕೆ ಬಂತು. ಸ್ವಾಮಿಗಳು ದುಷ್ಟರಲ್ಲ. ಅವರ ಮನಸ್ಸು ಪೂಜೆಯಲ್ಲಿತ್ತು. ಸೇವೆಗೆ ಬಂದವನು ಯಾರು ಎಂದು ತಿರುಗಿ ನೋಡಲಿಲ್ಲ, ಅಷ್ಟೆ. ನಾವೂ ಹಾಗೆಯೇ. ಸಂಪ್ರದಾಯ ಕೆಡಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಸಲ ಎಡಗೈ ಬೀಸಿರುತ್ತೇವೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯವರೇ ಆದ ಒಬ್ಬ ತಾಯಿಯ ಕಥೆಯಿಂದ ಆರಂಭಿಸುತ್ತೇನೆ.

ಮಧೂರು ನಮಗೆ ದೂರವಲ್ಲ. ಅಲ್ಲಿನ ಸಿದ್ಧಿವಿನಾಯಕನ ಊರಿನಲ್ಲಿ 1947ನೇ ಇಸವಿ ಮೇ 23ರಂದು ಲೀಲಾವತಿ ಎಂಬ ಹೆಣ್ಣುಮಗು ಹುಟ್ಟಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲ. ಶಾಲೆಯ ಓದಿಗೆ ಅನುಕೂಲ ಒದಗದಿದ್ದರೂ ಆಕೆ ಹಿಂದಿ ವಿಶಾರದ ಪರೀಕ್ಷೆಯನ್ನು ಮುಗಿಸಿದರು. ಮಧೂರು ಪದ್ಮನಾಭ ಸರಳಾಯರಲ್ಲಿ ಶಾಸ್ತ್ರೀಯ ಸಂಗೀತ ಕಲಿತರು. ಮುಂದೆ ಹಿಮ್ಮೇಳದ ಕಲಾವಿದರಾದ ಹರಿನಾರಾಯಣ ಬೈಪಾಡಿತ್ತಾಯರ ಕೈಹಿಡಿದರು. ಚೆಂಡೆ ಮದ್ದಳೆಗಳ ಮನೆಗೆ ಸೊಸೆಯಾಗಿ ಬಂದ ಮೇಲೆ ಪತಿಯನ್ನೇ ಗುರುವಾಗಿ ಸ್ವೀಕರಿಸಿ ಯಕ್ಷಗಾನದ ಭಾಗವತಿಕೆಯನ್ನು ಕಲಿತರು. ಲೀಲಾವತಿ ಬೈಪಾಡಿತ್ತಾಯ ಎಂಬ ಹೆಸರಿನಿಂದ ತೆಂಕುತಿಟ್ಟಿನ ಮೇಳಗಳಲ್ಲಿ ತಿರುಗಾಟ ಮಾಡಿದ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಪ್ರಸಿದ್ಧರಾದವರು ಇವರೇ. ಕುಂಬಳೆ, ಪುತ್ತೂರು, ಅರುವ, ತಲಕಳ ಮೊದಲಾದ ಮೇಳಗಳಲ್ಲಿ ಅವರು ಜಾಗಟೆ ಹಿಡಿದರು. 2023ರಲ್ಲಿ ಕರ್ನಾಟಕ ಸರಕಾರದ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಅರಸಿ ಬಂತು. 2024ರ ದಶಂಬರ 14ರಂದು ಅವರು ನಮ್ಮನ್ನಗಲಿದರು.

ಇಷ್ಟು ಹೇಳಿದರೆ ಪತ್ರಿಕೆಯ ಸುದ್ದಿಯಾಯಿತು. ಅವರು ಮಾಡಿದ ಕೆಲಸ ಎಂಥದ್ದೆಂದು ಸ್ವಲ್ಪ ಬಿಡಿಸಿ ನೋಡಬೇಕು. ಆಟ ನೋಡುವ ನಮಗೆ ಭಾಗವತರೆಂದರೆ ಹಿಂದೆ ಕುಳಿತು ಪದ ಹೇಳುವವರು. ಮೇಳದವರಿಗಾದರೋ ಅವರೇ ಮೊದಲನೆಯ ವೇಷಧಾರಿ. ರಂಗಸ್ಥಳದಲ್ಲಿ ಯಾರು ಯಾವಾಗ ಬರಬೇಕು, ಯಾವ ಪದವನ್ನು ಎಷ್ಟು ಎಳೆಯಬೇಕು, ಎಲ್ಲಿ ಮೊಟಕುಗೊಳಿಸಬೇಕು, ಅರ್ಥ ಉದ್ದವಾದರೆ ಹೇಗೆ ಎಚ್ಚರಿಸಬೇಕು ಎಂಬುದೆಲ್ಲ ಅವರ ಕೈಯ ಜಾಗಟೆಯ ಮೇಲೆ ನಿಂತಿದೆ. ಒಂದು ಮೇಳದಲ್ಲಿ ಸ್ತ್ರೀವೇಷಕ್ಕೆ ಹೆಣ್ಣು ಬರುವುದು ಬೇರೆ ಮಾತು. ಇಡೀ ಆಟದ ಲಗಾಮು ಒಬ್ಬ ಹೆಣ್ಣಿನ ಕೈಗೆ ಹೋಗುವುದು ಬೇರೆಯೇ ಮಾತು. ಚೆಂಡೆಯವರು, ಮದ್ದಳೆಯವರು, ರಾಜವೇಷದವರು, ಬಣ್ಣದ ವೇಷದವರು, ಹಾಸ್ಯಗಾರರು ಎಲ್ಲರೂ ಗಂಡಸರು. ಎಲ್ಲರೂ ಆಕೆಯ ಕೈಯನ್ನೇ ನೋಡಬೇಕು. 'ಭಾಗವತ' ಎಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಸ್ತ್ರೀಲಿಂಗವೇ ಇರಲಿಲ್ಲ. ಅದಕ್ಕಾಗಿ ಇವತ್ತಿಗೂ 'ಮಹಿಳಾ ಭಾಗವತರು' ಎಂದು ಮುಂದೆ ಒಂದು ಪದ ಅಂಟಿಸಿ ಹೇಳುತ್ತೇವೆ.

ಸಂಗೀತ ಕಲಿತವರಿಗೆ ಭಾಗವತಿಕೆ ಸುಲಭವಲ್ಲವೇ ಎಂದು ನೀವು ಕೇಳಬಹುದು. ಬಲ್ಲವರು ಹೇಳುವುದು ಹಾಗಿಲ್ಲ. ರಾಗಗಳ ಹೆಸರು ಬಹುಮಟ್ಟಿಗೆ ಒಂದೇ ಇರಬಹುದು, ದಾರಿ ಬೇರೆ. ಕಚೇರಿಯಲ್ಲಿ ಪಕ್ಕವಾದ್ಯಗಳು ಹಾಡುವವರನ್ನು ಅನುಸರಿಸುತ್ತವೆ, ಹಾಡುವವರು ತಮ್ಮ ಮನೋಧರ್ಮದಂತೆ ರಾಗವನ್ನು ಬೆಳೆಸುತ್ತಾರೆ. ಆಟದಲ್ಲಿ ಪದವು ಕುಣಿಯುವ ಪಾತ್ರಕ್ಕಾಗಿ ಇರುವಂಥದ್ದು. ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟು, ಚೆಂಡೆಯ ಪೆಟ್ಟಿನ ನಡುವೆಯೂ ಸಾಹಿತ್ಯ ಕೊನೆಯ ಸಾಲಿನಲ್ಲಿ ಕುಳಿತ ಅಜ್ಜನಿಗೆ ಕೇಳುವಂತೆ ಹಾಡಬೇಕು. ಯುದ್ಧದ ಸನ್ನಿವೇಶದ ಏರುಪದಗಳಲ್ಲಿ ಸ್ವರ ಸೋಲಬಾರದು, ಬೆಳಗಿನ ಜಾವಕ್ಕೂ ಅದು ಬಾಡಬಾರದು. ಕಲಿತ ಸಂಗೀತದ ಎಷ್ಟೋ ಅಭ್ಯಾಸಗಳನ್ನು ಬಿಟ್ಟು ಹೊಸತಾಗಿ ಕಲಿಯಬೇಕು. ಒಂದು ವಿದ್ಯೆಯಲ್ಲಿ ಪಳಗಿದವರು ಇನ್ನೊಂದರಲ್ಲಿ ಮತ್ತೆ ಅ ಆ ಇ ಈ ಎಂದು ಆರಂಭಿಸುವುದು ಎಷ್ಟು ಕಷ್ಟವೆಂದು ಅಧ್ಯಾಪಿಕೆಯಾದ ನಾನು ಬಲ್ಲೆ.

ಇದಕ್ಕೆ ಮೇಲೆ ತಿರುಗಾಟ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ದಿನಕ್ಕೊಂದು ಊರು. ರಾತ್ರಿ ಆಟ, ಹಗಲು ನಿದ್ದೆ, ಸಂಜೆ ಮತ್ತೊಂದು ಗದ್ದೆ. ಹೀಗೆ ಬದುಕಿದ ಹೆಂಗಸರು ಅಂದಿನ ದಿನಗಳಲ್ಲಿ ತೀರ ಅಪರೂಪ.

ನಾನು ಅವರನ್ನು ಮೊದಲು ಕಂಡದ್ದಲ್ಲ, ಕೇಳಿದ್ದು. ಮನೆಯಲ್ಲಿ ಹಸುಗೂಸನ್ನು ಮಲಗಿಸುತ್ತಾ ಇದ್ದಾಗ ಗದ್ದೆಯಾಚೆಯ ಆಟದ ಮೈಕಿನಲ್ಲಿ ಹೆಣ್ಣಿನ ಸ್ವರ ಕೇಳಿಸಿತು. ಅತ್ತೆಯವರು, "ಇದು ಯಾರು, ರೇಡಿಯೋ ಹಾಕಿದ್ದಾರೋ?" ಎಂದು ಕೇಳಿದರು. ಸ್ವಲ್ಪ ಹೊತ್ತು ಕಿವಿಗೊಟ್ಟು, "ಅಲ್ಲ, ಚೆಂಡೆ ಅವಳೊಟ್ಟಿಗೇ ಹೋಗುತ್ತಾ ಉಂಟು" ಎಂದರು. ಆ ರಾತ್ರಿ ಅವರು ಚಾವಡಿಯಲ್ಲೇ ಕುಳಿತು ಕೊನೆಯ ಪದದವರೆಗೂ ಕೇಳಿದರು. ಬೆಳಿಗ್ಗೆ ಮಾತ್ರ, "ಹಾಡುವುದು ಚೆಂದ, ಆದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬೇಡ" ಎಂದರು. ನಮ್ಮೆಲ್ಲರ ಮನಸ್ಸು ಆ ಒಂದು ಮಾತಿನಲ್ಲಿದೆ. ಬೇರೆಯವರ ಮನೆಯವಳಾದರೆ ಕೈಮುಗಿಯುತ್ತೇವೆ, ನಮ್ಮ ಮನೆಯವಳಾದರೆ ಬಾಗಿಲು ಹಾಕುತ್ತೇವೆ.

ಅತ್ತೆಯವರನ್ನು ದೂರಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದೇ ಮಾತನ್ನು ನಾನೂ ಆಡಿದೆ. ನನ್ನ ತಂಗಿಯ ಮಗಳು ಮಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಒಳ್ಳೆಯ ಸಂಬಳ, ತಿಂಗಳ ಮೊದಲ ದಿನಕ್ಕೆ ತಪ್ಪದೆ ಬರುವಂಥದ್ದು. ಭಾನುವಾರಗಳಲ್ಲಿ ಒಬ್ಬ ಗುರುಗಳ ಬಳಿಗೆ ಹೋಗಿ ಭಾಗವತಿಕೆ ಕಲಿಯುತ್ತಿದ್ದಳು. ಅದು ನಮಗೆಲ್ಲ ಹೆಮ್ಮೆಯೇ. ಮನೆಯ ಪೂಜೆಗಳಲ್ಲಿ ನಾನೇ ಅವಳಿಂದ ಪದ ಹಾಡಿಸಿದ್ದೇನೆ. ನಾಲ್ಕು ವರ್ಷ ಹೀಗೆ ಕಲಿತ ಮೇಲೆ ಒಂದು ದಿನ ಬಂದು, "ದೊಡ್ಡಮ್ಮಾ, ಕೆಲಸ ಬಿಡುತ್ತೇನೆ. ಇನ್ನು ಇದೇ ನನ್ನ ಉದ್ಯೋಗ. ಅಮ್ಮನಿಗೆ ನೀವು ಹೇಳಬೇಕು" ಎಂದಳು.

ನಾನು ಹೇಳಿದೆ: "ಹವ್ಯಾಸವಾಗಿ ಇರಲಿ ಮಗಳೇ, ಹೊಟ್ಟೆಪಾಡು ಆಗುವುದು ಬೇಡ. ರಾತ್ರಿಯ ಕೆಲಸ, ಗಂಡಸರ ನಡುವೆ. ನಾಳೆ ನಾಲ್ಕು ಜನ ಏನೆಂದಾರು?"

ಅವಳು ಎದುರು ಮಾತಾಡುವವಳಲ್ಲ. ಆ ದಿನ ಮಾತ್ರ, "ಅಣ್ಣ ಬ್ಯಾಂಕಿನ ಕೆಲಸ ಬಿಟ್ಟು ಅಂಗಡಿ ಹಾಕಿದಾಗ ದೀಪ ಹಚ್ಚಲು ನೀವೇ ಬಂದಿದ್ದಿರಿ ದೊಡ್ಡಮ್ಮಾ" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಎರಡೂ ಇದ್ದ ಕೆಲಸ ಬಿಟ್ಟು ಇಲ್ಲದ ಕೆಲಸಕ್ಕೆ ಹೊರಟದ್ದೇ. ಒಬ್ಬನದ್ದು ಧೈರ್ಯವೆನಿಸಿತು, ಇನ್ನೊಬ್ಬಳದ್ದು ಹುಚ್ಚು ಎನಿಸಿತು. ಆದರೂ ಆ ದಿನ ನಾನು ತಂಗಿಗೆ ಅವಳ ಪರವಾಗಿ ಏನೂ ಹೇಳಲಿಲ್ಲ. ಅವಳು ನಮ್ಮ ಒಪ್ಪಿಗೆಗೆ ಕಾಯದೆ, ಕೂಡಿಟ್ಟ ಒಂದು ವರ್ಷದ ಖರ್ಚಿನ ಹಣವನ್ನು ನಂಬಿಕೊಂಡು ಕೆಲಸ ಬಿಟ್ಟಳು.

ಮುಂದಿನ ವರ್ಷ ಒಂದು ಊರಿನ ಉತ್ಸವದಲ್ಲಿ ಅವಳ ಪದವಿತ್ತು. ಊರಿನ ಹೆಸರು ಬೇಡ. ಯಾವ ಊರಿನಲ್ಲೂ ಆಗಬಹುದಾದ ಸಂಗತಿ ಅದು. ಯಾರಿಗೂ ಹೇಳದೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಆರಂಭದ ಪದಗಳು ಚೆನ್ನಾಗಿ ಬಂದವು, ಸಭೆ ತಲೆದೂಗಿತು. ನಡುರಾತ್ರಿ ಕಳೆದ ಮೇಲೆ ಸ್ವರ ಒಡೆಯತೊಡಗಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಇಷ್ಟೇ ನೋಡಿ. ಹೆಂಗಸರ ಸ್ವರ ಬೆಳಗಿನ ತನಕ ಬಾಳುವುದಿಲ್ಲ" ಎಂದರು. ನಾನೂ ಮನಸ್ಸಿನಲ್ಲೇ ಹೌದೆಂದೆ.

ಬೆಳಿಗ್ಗೆ ಅವಳನ್ನು ಮನೆಗೆ ಕರೆದುಕೊಂಡು ಬಂದೆ. ಬಂದವಳೇ ಬಚ್ಚಲುಮನೆಗೆ ಓಡಿದಳು. ಆಮೇಲೆ ಮೂರು ಲೋಟ ನೀರು ಒಂದೇ ಉಸಿರಿಗೆ ಕುಡಿದಳು. ಕೇಳಿದ ಮೇಲೆ ನಿಜ ಹೊರಬಂತು. ಆ ಉತ್ಸವದ ಬಯಲಿನಲ್ಲಿ ಗಂಡಸರಿಗೆ ಮರದ ಹಿಂದೆ, ತೋಡಿನ ಬದಿಯಲ್ಲಿ ಹೋಗಿ ಬರಲು ಅಡ್ಡಿಯಿಲ್ಲ. ಹೆಣ್ಣಿಗೆ ಹೋಗಲು ಒಂದು ಜಾಗವಿರಲಿಲ್ಲ. ಆದ್ದರಿಂದ ಸಂಜೆಯಿಂದಲೇ ಅವಳು ನೀರು ಮುಟ್ಟಿರಲಿಲ್ಲ. ಹತ್ತು ಗಂಟೆ ಹೊತ್ತು ನೀರಿಲ್ಲದೆ ಹಾಡಿದರೆ ಯಾರ ಗಂಟಲು ತಾನೇ ಬಾಳೀತು? ಸೋತದ್ದು ಹೆಂಗಸಿನ ಸ್ವರವೆಂದು ನಾವು ತೀರ್ಪು ಕೊಟ್ಟೆವು. ಸೋತದ್ದು ನಮ್ಮ ಏರ್ಪಾಡು. ಐನೂರು ಜನಕ್ಕೆ ಅನ್ನಸಂತರ್ಪಣೆ ಮಾಡಿದ ಸಮಿತಿಗೆ ಒಂದು ತಾತ್ಕಾಲಿಕ ಶೌಚಾಲಯ ಕಟ್ಟಿಸುವುದು ದೊಡ್ಡ ಸಂಗತಿಯಾಗಿರಲಿಲ್ಲ. ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ಅಂದು ನನಗೆ ವಿಲ್ವಮಂಗಲ ಸ್ವಾಮಿಗಳ ಎಡಗೈ ನೆನಪಾಯಿತು.

ಆ ದಿನದ ಬಳಿಕ ನಾನು ಲೀಲಾವತಿ ಬೈಪಾಡಿತ್ತಾಯರ ಬದುಕನ್ನು ಬೇರೆ ರೀತಿಯಲ್ಲಿ ಯೋಚಿಸಲಾರಂಭಿಸಿದೆ. ಅವರ ಪ್ರತಿಭೆ, ಸಾಧನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾಲದಲ್ಲಿ ಅಷ್ಟೇ ಚೆನ್ನಾಗಿ ಹಾಡಬಲ್ಲ ಇನ್ನೂ ಕೆಲವರು ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಇದ್ದಿರಲಾರರೇ? ಅವರೇಕೆ ಬರಲಿಲ್ಲ? ನನಗೆ ತೋರುವ ಕಾರಣವನ್ನು ಹೇಳುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಲೀಲಾವತಿಯವರಿಗೆ ಮನೆಯಲ್ಲೇ ಮದ್ದಳೆ ಇತ್ತು. ಇದು ಸಣ್ಣ ವಿಷಯವಲ್ಲ. ಹೆಣ್ಣಿನ ಶ್ರುತಿ ಬೇರೆ, ಗಂಡಿನ ಶ್ರುತಿ ಬೇರೆ. ಭಾಗವತರ ಶ್ರುತಿಗೆ ಹೊಂದುವ ಮದ್ದಳೆ ಬೇಕು, ಅದನ್ನು ಅರಿತು ನುಡಿಸುವ ಕೈ ಬೇಕು. ಪತಿಯೇ ಹಿಮ್ಮೇಳದವರಾದ್ದರಿಂದ ಅಭ್ಯಾಸಕ್ಕೆ ಇನ್ನೊಬ್ಬರ ಮನೆಗೆ ಹೋಗಬೇಕಾಗಿರಲಿಲ್ಲ. ಎರಡನೆಯದು, ತಿರುಗಾಟದ ದಾರಿಯಲ್ಲಿ ಜೊತೆಗೆ ಪತಿ ಇದ್ದರು. ಗಂಡ ಹೆಂಡಿರು ಒಂದೇ ಹಿಮ್ಮೇಳದಲ್ಲಿ ಕುಳಿತರೆ ಊರ ಬಾಯಿಗೆ ಸಿಗುವುದು ಕಡಿಮೆ. ಮೂರನೆಯದು, ಚೌಕಿಯಲ್ಲಿ ಅವರ ಪರವಾಗಿ ಮಾತಾಡಬಲ್ಲ ಒಬ್ಬ ಕಲಾವಿದರಿದ್ದರು. ಅಭ್ಯಾಸಕ್ಕೆ ಮದ್ದಳೆ, ದಾರಿಗೆ ಜೊತೆ, ಚೌಕಿಯಲ್ಲಿ ಒಂದು ಮಾತು: ಈ ಮೂರನ್ನು ಅಂದು ಒಂದು ಕುಟುಂಬ ಒದಗಿಸಿತು.

ಆದರೆ ಎಲ್ಲ ಹೆಣ್ಣುಮಕ್ಕಳಿಗೂ ಮದ್ದಳೆಗಾರ ಗಂಡ ಸಿಗುವುದಿಲ್ಲವಲ್ಲ! (ಸಭೆಯಲ್ಲಿ ನಗು) ನಗುವ ಮಾತಾದರೂ ನಿಜ. ಮೊದಲ ಒಬ್ಬರಿಗೆ ಹರಿನಾರಾಯಣ ಬೈಪಾಡಿತ್ತಾಯರು ಮಾಡಿಕೊಟ್ಟ ಅನುಕೂಲವನ್ನು ಮುಂದಿನವರಿಗೆ ಯಾರು ಮಾಡಿಕೊಡಬೇಕು? ಆಟವನ್ನು ಆಡಿಸುವ ನಾವು, ಎಂದರೆ ಉತ್ಸವ ಸಮಿತಿಗಳು, ಹರಕೆ ಸೇವೆಯ ಮನೆಯವರು ಮಾಡಿಕೊಡಬೇಕು. ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದನ್ನೇ.

ನಮ್ಮದೇ ರಾಜ್ಯದ ಕಥಕಳಿಯ ಕಡೆಗೂ ಒಮ್ಮೆ ನೋಡೋಣ. ಕೇರಳ ಕಲಾಮಂಡಲಂ ಸ್ಥಾಪನೆಯಾದದ್ದು 1930ರಲ್ಲಿ. ಅಲ್ಲಿನ ಕಥಕಳಿ ತರಗತಿಗೆ ಹೆಣ್ಣುಮಕ್ಕಳು ವಿದ್ಯಾರ್ಥಿನಿಯರಾಗಿ ಸೇರಿದ್ದು 2021ರಲ್ಲಿ. ತೊಂಬತ್ತೊಂದು ವರ್ಷ! ಆ ನಡುವೆ ಹೆಣ್ಣುಮಕ್ಕಳು ಸುಮ್ಮನೆ ಕುಳಿತಿರಲಿಲ್ಲ. 1975ರಲ್ಲಿಯೇ ತೃಪ್ಪೂಣಿತ್ತುರದ ಮಹಿಳೆಯರು ತಮ್ಮದೇ ಕಥಕಳಿ ಸಂಘ ಕಟ್ಟಿಕೊಂಡು ಪುರುಷವೇಷ, ಸ್ತ್ರೀವೇಷ ಎಲ್ಲವನ್ನೂ ತಾವೇ ಮಾಡಿದರು. ಆ ಸಂಘಕ್ಕೆ ಕೇಂದ್ರ ಸರಕಾರದ ನಾರೀ ಶಕ್ತಿ ಪುರಸ್ಕಾರವೂ ದೊರೆಯಿತು. ತಮ್ಮದೇ ತಂಡ ಕಟ್ಟುವುದು ಒಂದು ದಾರಿ, ಇದ್ದ ಮೇಳದೊಳಗೆ ಹೋಗಿ ಸರಿಸಮವಾಗಿ ಕೂರುವುದು ಇನ್ನೊಂದು ದಾರಿ. ನಮ್ಮಲ್ಲಿ ಈಗ ಊರೂರಿನಲ್ಲಿ ಮಹಿಳಾ ತಂಡಗಳಿವೆ, ಸಂತೋಷ. ಆದರೆ ಹೊಟ್ಟೆಪಾಡಾಗಿ ಕಲೆಯನ್ನು ನಂಬುವವಳಿಗೆ ಎರಡನೆಯ ದಾರಿಯೂ ತೆರೆದಿರಬೇಕು. ಕಾವ್ಯಶ್ರೀ ನಾಯಕ್ ಅಜೇರು ಅವರಂಥ ಭಾಗವತರ ಪದ ಕೇಳಲು ಇಂದು ಜನ ದೂರದಿಂದ ಬರುತ್ತಾರೆ. ಲೀಲಾವತಿಯವರು ಸವೆಸಿದ ದಾರಿ ಮುಚ್ಚಿಹೋಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಹಿರಿಯರು ಕೆಲವು ಆಕ್ಷೇಪಗಳನ್ನು ಎತ್ತುತ್ತಾರೆ. ಅವನ್ನು ಹಗುರವಾಗಿ ತಳ್ಳಿಬಿಡುವುದು ಸರಿಯಲ್ಲ. ಚೌಕಿಯಲ್ಲಿ ದೇವರ ಪೂಜೆ ಇರುತ್ತದೆ, ಮಡಿಯ ಕಟ್ಟುಪಾಡು ಇದೆ ಎನ್ನುತ್ತಾರೆ. ಒಪ್ಪಿದೆ. ಆದರೆ ಈ ಕಟ್ಟುಪಾಡುಗಳನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಮನೆಯ ದೇವರಕೋಣೆಯನ್ನು ಕಾಯುತ್ತಾ ಬಂದವರೇ ಅವರು. ಗಂಡಸು ಭಾಗವತರಿಗೆ ಜ್ವರ ಬಂದರೆ, ಮನೆಯಲ್ಲಿ ಸೂತಕವಾದರೆ ಬದಲಿ ಭಾಗವತರು ಹಾಡುವ ಪದ್ಧತಿ ಮೇಳಗಳಲ್ಲಿ ಇದ್ದೇ ಇದೆ. ಅದೇ ಪದ್ಧತಿ ಇವರಿಗೂ ಆಗಬಹುದು. ತೆಂಕುತಿಟ್ಟಿನ ನಾದಕ್ಕೆ ಹೆಣ್ಣಿನ ಸ್ವರ ಒಗ್ಗುವುದಿಲ್ಲ ಎನ್ನುತ್ತಾರೆ. ಶ್ರುತಿಯ ತೊಡಕು ಇರುವುದು ನಿಜ, ಅದಕ್ಕೆ ತಕ್ಕ ಮದ್ದಳೆಯೇ ಪರಿಹಾರವೆಂದು ಲೀಲಾವತಿಯವರ ಬದುಕೇ ತೋರಿಸಿದೆ. ಪಾರ್ತಿಸುಬ್ಬನ ಊರಾದ ಕುಂಬಳೆಯ ಮಗ್ಗುಲಲ್ಲಿ ಇರುವವರು ನಾವು. ಆತನ ಸೀತೆ, ಮಂಡೋದರಿಯರ ಪದಗಳನ್ನು ಒಬ್ಬ ಹೆಣ್ಣುಮಗಳ ಕಂಠದಲ್ಲಿ ಕೇಳಿ ಒಮ್ಮೆ ನೋಡಿ, ಆಮೇಲೆ ತೀರ್ಮಾನಿಸಿ. ಶ್ರೀದೇವಿ ಮಹಾತ್ಮೆಯನ್ನು ಹರಕೆಯಾಗಿ ಆಡಿಸಿ ದೇವಿಯ ವೇಷಕ್ಕೆ ಕೈಮುಗಿಯುವ ನಮಗೆ, ಆ ದೇವಿಯ ಪದವನ್ನು ಒಬ್ಬ ಹೆಣ್ಣು ಹಾಡಿದರೆ ಅಪಚಾರವೆಂದು ತೋರಬೇಕಾಗಿಲ್ಲ.

ಉದ್ಯೋಗ ಬದಲಿಸಹೊರಟ ಹೆಣ್ಣುಮಕ್ಕಳಿಗೂ ಎರಡು ಮಾತು. ಹುಮ್ಮಸ್ಸಿನಲ್ಲಿ ಇದ್ದ ಕೆಲಸ ಬಿಟ್ಟು ಆಮೇಲೆ ಕಲಿಯಲು ಹೊರಡಬೇಡಿ. ನನ್ನ ತಂಗಿಯ ಮಗಳು ನಾಲ್ಕು ವರ್ಷ ಕಲಿತು, ಒಂದು ವರ್ಷದ ಖರ್ಚು ಕಟ್ಟಿಟ್ಟು, ಆಮೇಲೆ ಹೊರಟಳು. ಆಟಗಳಿಲ್ಲದ ಮಳೆಗಾಲದಲ್ಲಿ ಇವತ್ತಿಗೂ ಎರಡು ಅಂಗಡಿಗಳ ಲೆಕ್ಕ ಬರೆದುಕೊಡುತ್ತಾಳೆ. ಹಳೆಯ ವಿದ್ಯೆ ಎಂದೂ ವ್ಯರ್ಥವಲ್ಲ. ಗಂಡಸರ ರಂಗಕ್ಕೆ ಹೋದವಳು ಗಂಡಸರಷ್ಟೇ ಕಲಿತರೆ ಸಾಲದು, ಅವರಿಗಿಂತ ಹೆಚ್ಚು ಕಲಿತಿರಬೇಕಾಗುತ್ತದೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ, ಇರುವ ಸ್ಥಿತಿಯನ್ನು ಹೇಳುತ್ತಿದ್ದೇನೆ. ಗಂಡಸು ತಪ್ಪಿದರೆ 'ಅವನು ತಪ್ಪಿದ' ಎನ್ನುತ್ತಾರೆ. ಹೆಣ್ಣು ತಪ್ಪಿದರೆ 'ಹೆಂಗಸರಿಂದ ಆಗದು' ಎನ್ನುತ್ತಾರೆ. ಒಬ್ಬಳ ತಪ್ಪಿಗೆ ಇನ್ನೊಬ್ಬಳ ದಾರಿ ಮುಚ್ಚುತ್ತದೆ.

ಇನ್ನು ಸಮಿತಿಯ ಬಂಧುಗಳಲ್ಲಿ ಕೈಮುಗಿದು ಕೆಲವು ವಿನಂತಿಗಳು. ನೀವು ಉತ್ಸವಕ್ಕೆ ಮುಂಚಿತವಾಗಿ ಚಪ್ಪರ, ದೀಪ, ಧ್ವನಿವರ್ಧಕ, ಅಡುಗೆ ಎಂದು ಒಂದು ಪಟ್ಟಿ ಬರೆಯುತ್ತೀರಲ್ಲ, ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ಕಲಾವಿದೆಯರಿಗೆ ಚಿಲಕವಿರುವ ಒಂದು ಕೋಣೆ, ದೀಪವಿರುವ ಒಂದು ಶೌಚಾಲಯ, ಕುಡಿಯುವ ನೀರು. ಬರೆದಿಟ್ಟದ್ದು ಮಾತ್ರ ಆಗುತ್ತದೆ. ಮನಸ್ಸಿನಲ್ಲಿಟ್ಟದ್ದು ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಎರಡನೆಯದಾಗಿ, ಸನ್ಮಾನ ಬೇರೆ, ಸಂಭಾವನೆ ಬೇರೆ. ಗಂಡಸರಿಗೆ ಲಕೋಟೆ, ಹೆಂಗಸರಿಗೆ ಶಾಲು ಎಂದಾಗಬಾರದು. ಶಾಲು ಹೊದೆಸಿ ಚಿತ್ರ ತೆಗೆಸಿಕೊಂಡು ಬರಿಗೈಯಲ್ಲಿ ಕಳುಹಿಸಿದರೆ ಅವಳ ಮನೆಯ ಒಲೆ ಉರಿಯುವುದಿಲ್ಲ. ಒಂದೇ ಕೆಲಸಕ್ಕೆ ಒಂದೇ ವೀಳ್ಯ. ಆಟ ಮುಗಿದ ಮೇಲೆ ಅವಳನ್ನು ಬಸ್ಸಿಗೋ ಮನೆಗೋ ತಲುಪಿಸುವ ಹೊಣೆಯನ್ನು ಸಮಿತಿಯ ಒಬ್ಬರ ಹೆಸರಿಗೆ ಬರೆಯಿರಿ. ಈಗ ಕಾಲಮಿತಿಯ ಆಟಗಳೇ ಹೆಚ್ಚಾಗಿವೆ. ಆಟ ನಡುರಾತ್ರಿ ಮುಗಿದರೆ ದಾರಿ ಇನ್ನೂ ಕಷ್ಟ. ಬೆಳಗಿನ ತನಕ ಆಡುವ ಕಾಲದಲ್ಲಿ ಮೊದಲ ಬಸ್ಸಾದರೂ ಸಿಗುತ್ತಿತ್ತು.

ಮನೆಯ ಹಿರಿಯರಲ್ಲಿ, ಮುಖ್ಯವಾಗಿ ನನ್ನಂಥ ದೊಡ್ಡಮ್ಮ, ಅತ್ತೆಯಂದಿರಲ್ಲಿ ಒಂದೇ ಪ್ರಾರ್ಥನೆ. ಒಪ್ಪಲಾಗದಿದ್ದರೆ ಒಪ್ಪಬೇಡಿ. ಆದರೆ ಎರಡು ತಿರುಗಾಟ ಮುಗಿಯುವ ತನಕ 'ಆಗದು' ಎನ್ನಬೇಡಿ. ಮಗನಿಗೆ ಕೊಟ್ಟ ಸಮಯವನ್ನು ಮಗಳಿಗೂ ಕೊಡಿ.

ಕೊನೆಗೆ ಒಂದು ಸಂಗತಿ. ಕಳೆದ ವರ್ಷ ನನ್ನ ತಂಗಿಯ ಮಗಳ ಪದ ಇನ್ನೊಂದು ಊರಿನಲ್ಲಿತ್ತು. ನಾನು ಹಿಂದಿನ ದಿನವೇ ಅಲ್ಲಿಯ ಸಮಿತಿಯ ಕಾರ್ಯದರ್ಶಿಗಳಿಗೆ ಫೋನು ಮಾಡಿ ಕೋಣೆ, ನೀರು, ಶೌಚಾಲಯದ ವಿಷಯ ಹೇಳಿದೆ. ಅವರು ಬೇಸರಿಸಲಿಲ್ಲ. "ಟೀಚರ್, ನಮಗಿದು ಹೊಳೆದೇ ಇರಲಿಲ್ಲ" ಎಂದರು. ಸಂಜೆ ಹೋಗಿ ನೋಡಿದರೆ ತೆಂಗಿನ ಗರಿ ಕಟ್ಟಿ, ಬಲ್ಬು ಹಾಕಿ ಎಲ್ಲ ಸಿದ್ಧಪಡಿಸಿದ್ದರು. ಆ ರಾತ್ರಿ ಅವಳು ನಡುನಡುವೆ ಬಿಸಿನೀರು ಕುಡಿಯುತ್ತಾ ಮಂಗಳದ ತನಕ ಹಾಡಿದಳು. ಸ್ವರ ಎಲ್ಲಿಯೂ ಒಡೆಯಲಿಲ್ಲ. ನನ್ನ ಪಕ್ಕದಲ್ಲಿ ತಂಗಿ ಕುಳಿತಿದ್ದಳು. ಅವಳು ಬಂದದ್ದು ಅದೇ ಮೊದಲು.

ಸೇವೆಗೆಂದು ಬಂದವನನ್ನು ತಳ್ಳಿದ ಸ್ವಾಮಿಗಳು ತಿರುವನಂತಪುರದವರೆಗೆ ಅರಸುತ್ತಾ ಹೋಗಬೇಕಾಯಿತು. ನಮಗೆ ಅಷ್ಟು ದೂರದ ಪ್ರಯಾಣ ಬೇಕಾಗಿಲ್ಲ. ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ ಸೇವೆಗೆ ನಿಂತವಳು ಯಾರೆಂದು ಒಮ್ಮೆ ತಿರುಗಿ ನೋಡಿದರೆ ಸಾಕು. ಅಂಥ ಕಣ್ಣನ್ನು ನಮಗೆಲ್ಲರಿಗೂ ಸರೋವರವಾಸಿಯಾದ ಶ್ರೀ ಅನಂತಪದ್ಮನಾಭನು ಅನುಗ್ರಹಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.

ಸರ್ವರಿಗೂ ಶುಭವಾಗಲಿ.